ಏರಿದ್ದು ಸಾಕು, ದುರ್ಗ ಇಳಿಯೋಣ

(ದಾವಣಗೆರೆಯಲ್ಲಿ ಓದುಗ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲಿಗೇ ಒಂದು ತಗಾದೆ. ನಾನು ದುರ್ಗದವನು, ನೀವು ದಾವಣಗೆರೆಯವರು. 1997ರ ಆಗಸ್ಟ್‌ವರೆಗೆ ನೀವೂ ಚಿತ್ರದುರ್ಗ ಜಿಲ್ಲೆಯವರೇ. ಮನೆ ಪಾಲಾದಾಗ ಬೆಣ್ಣೆದೋಸೆ ನೀವಿಟ್ಟುಕೊಂಡಿರಿ, ಬಂಡೆ ನಮಗೆ ಬಿಟ್ಟಿರಿ. ಇರಲಿ. ಈಗ ದೋಸೆ ತಿನ್ನಲು ನಾವು ಬರುತ್ತೇವೆ, ಬಂಡೆ ನೋಡಲು ನೀವು ಬರುತ್ತೀರಿ, ಲೆಕ್ಕ ಚುಕ್ತಾ ಆಯಿತು ಅಂತ ನೀವು ಅನ್ನಬಹುದು. ಆಗಿಲ್ಲ. ನಾವು ದೋಸೆಗೆ ಬಂದರೆ ಕೂತು ಎರಡು ಹಾಕಿಸಿಕೊಂಡು, ಅದು ಸಾಲದೆ ಒಂದು ಖಾಲಿ ದೋಸೆ ಹೇಳಿ, ತಟ್ಟೆಯಲ್ಲಿ ಚಟ್ನಿಯ ಗುರುತೂ ಉಳಿಯದ ಹಾಗೆ ಮಾಡಿ ಎದ್ದು ಬರುತ್ತೇವೆ. ನೀವು ಹತ್ತೂವರೆಗೆ ಕಾರು ನಿಲ್ಲಿಸುತ್ತೀರಿ, ಬಿಸಿಲೇರಿದ ಮೇಲೆ ಬೆಟ್ಟ ಹತ್ತುತ್ತೀರಿ, ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ತೂರಿಸಿ ಫೋಟೊ ತೆಗೆಸಿಕೊಳ್ಳುತ್ತೀರಿ, ಒಂದು ಗಂಟೆಗೆ ಹೈವೇ ಸೇರಿರುತ್ತೀರಿ. ದುರ್ಗವನ್ನು ಹೀಗೆ ಅರ್ಧ ತಿಂದು ಎಲೆ ಮಡಚುವುದು ನನಗೆ ಹೊಟ್ಟೆಯುರಿ.

ನಾನು ಇತಿಹಾಸ ಓದಿದವನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಮೇಷ್ಟ್ರು. ಮನೆಗೆ ನೆಂಟರು ಬಂದರೆ ಕೋಟೆ ತೋರಿಸುವ ಕೆಲಸ ಮಾತ್ರ ಹೇಗೋ ನನ್ನ ಕುತ್ತಿಗೆಗೆ ಬಿತ್ತು. ಹಾಗಾಗಿ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇನೋ ಅಷ್ಟು ಸಲ ಯಾರನ್ನೋ ಕಾಯುತ್ತಾ ನಿಂತಿದ್ದೇನೆ. ಕಾಯುತ್ತಾ ನಿಂತವನಿಗೆ ಹೆಚ್ಚು ಕಾಣುತ್ತದೆ. ಹಾಗೆ ಕಂಡದ್ದನ್ನೇ ಇವತ್ತು ಹೇಳುತ್ತೇನೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ದುರ್ಗವನ್ನು ಏರುತ್ತಾ ನೋಡಿದರೆ ಶತ್ರುವಿನ ಕಣ್ಣಿಂದ ನೋಡಿದ ಹಾಗೆ. ಒಳಗೆ ಬದುಕಿದವರ ಕಣ್ಣಿಂದ ನೋಡಬೇಕಾದರೆ ಇಳಿಯುತ್ತಾ ನೋಡಬೇಕು, ಅದೂ ಮಳೆ ನೀರು ಇಳಿದ ದಾರಿಯಲ್ಲೇ.

ಇಳಿಯಬೇಕಾದರೆ ಮೊದಲು ಹತ್ತಬೇಕಲ್ಲ. ಅಲ್ಲಿಂದಲೇ ಶುರು ಮಾಡೋಣ.

ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ. ಅರವತ್ತು ಕಿಲೋಮೀಟರ್ ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆಟೊದವರು "ಕೋಟೆನಾ ಸಾರ್?" ಅನ್ನುತ್ತಾರೆ. ಬೇಡ ಅನ್ನಿ. ಆಟೊ ಹತ್ತಿದರೆ ನಿಮ್ಮನ್ನು ಬೆಟ್ಟದ ಬುಡದ ಟಿಕೆಟ್ ಕೌಂಟರಿಗೆ ಬಿಡುತ್ತಾರೆ, ಕೋಟೆ ಅಲ್ಲಿಂದ ಶುರು ಅಂತ ನೀವು ತಿಳಿಯುತ್ತೀರಿ. ಏಳು ಸುತ್ತಿನ ಕೋಟೆ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಅದರಲ್ಲಿ ಬೆಟ್ಟದ ಮೇಲಿರುವುದು ನಾಲ್ಕು ಸುತ್ತು. ಉಳಿದ ಮೂರು ನೆಲದ ಮೇಲೆ, ಊರಿನ ಮೈಯೊಳಗೇ ಇವೆ. ಅಂದರೆ ಆಟೊದಲ್ಲಿ ಕೂತು ಮೊಬೈಲ್ ನೋಡುತ್ತಿರುವಾಗಲೇ ನೀವು ಕೋಟೆಯ ಸುತ್ತುಗಳನ್ನು ದಾಟಿರುತ್ತೀರಿ. ಹೈದರಾಲಿ ಎರಡು ದಶಕ ಒದ್ದಾಡಿದ ಜಾಗವನ್ನು ನೂರು ರೂಪಾಯಿಯೊಳಗೆ ದಾಟಿದ ಹಾಗಾಯಿತು.

ಆದ್ದರಿಂದ ಮೊದಲು ರಂಗಯ್ಯನ ಬಾಗಿಲಿಗೆ ನಡೆಯಿರಿ. ಹೊರಕೋಟೆಗೆ ಇಂಥ ಹೆಸರಿನ ಬಾಗಿಲುಗಳು ಹಲವು: ರಂಗಯ್ಯನ ಬಾಗಿಲು, ಸಿದ್ಧಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು. ಊರಿನವರಿಗೆ ಇವು ಈಗ ವಿಳಾಸಗಳು. ಬಾಗಿಲಿನ ಅಕ್ಕಪಕ್ಕ ಸೈಕಲ್ ರಿಪೇರಿ, ಹೂವಿನ ಬುಟ್ಟಿ, ಕಲ್ಲಿನ ಗೋಡೆಗೆ ಒರಗಿಸಿದ ಬೈಕುಗಳು. ರಂಗಯ್ಯನ ಬಾಗಿಲಿನಲ್ಲಿ ಸರ್ಕಾರದ ವಸ್ತುಸಂಗ್ರಹಾಲಯ ಇದೆ. ಬೆಳಿಗ್ಗೆ ಅಷ್ಟು ಬೇಗ ತೆಗೆದಿರುವುದಿಲ್ಲ, ಅದನ್ನು ಸಂಜೆಗೆ ಇಟ್ಟುಕೊಳ್ಳಿ. ಗೋಡೆಯ ಗುಂಟ ಒಂದು ಫರ್ಲಾಂಗು ನಡೆದರೆ ಸಾಕು, ಒಂದು ವಿಚಾರ ಗೊತ್ತಾಗುತ್ತದೆ. ಕೋಟೆಯ ಗೋಡೆಯನ್ನೇ ಹಿಂದಿನ ಗೋಡೆ ಮಾಡಿಕೊಂಡ ಮನೆಗಳು, ಅದೇ ಗೋಡೆಯ ಮೇಲೆ ಒಣಗಲು ಹಾಕಿದ ಬಟ್ಟೆ. ಕೆಲವರಿಗೆ ಇದು ಕಂಡರಾಗುವುದಿಲ್ಲ. ಪುರಾತತ್ವ ಇಲಾಖೆಯ ದೃಷ್ಟಿಯಿಂದ ಸರಿಯಲ್ಲ, ಒಪ್ಪುತ್ತೇನೆ. ಆದರೂ ಸೀರೆ ಒಣಗಿದ ಕೋಟೆಗೋಡೆ ನೋಡಿದಾಗ ನನಗೆ ಒಳಗೊಳಗೇ ಖುಷಿ.

ದೊಡ್ಡಪೇಟೆಯ ಕಡೆ ಸಾಗುವಾಗ ಉಚ್ಚಂಗಿಯಲ್ಲಮ್ಮನ ಗುಡಿ ಸಿಗುತ್ತದೆ. ಎರಡು ಅಂತಸ್ತಿನ ಗುಡಿ, ದುರ್ಗ ಆಳಿದ ನಾಯಕರ ಕಾಲದ ಊರದೇವತೆ. ಒಂದು ಕೈ ಮುಗಿದು, ಹತ್ತಿರದ ಯಾವುದಾದರೂ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದು, ಎರಡು ಲೀಟರ್ ನೀರು ಹಿಡಿದುಕೊಂಡು ಬೆಟ್ಟದ ದಾರಿ ಹಿಡಿಯಿರಿ. ಕೈಯಲ್ಲಿ ಪ್ಲಾಸ್ಟಿಕ್ ಕವರು ಬೇಡ. ಒಳಗೆ ಏನಿದೆ ಅಂತ ನಿಮಗಿಂತ ಮೊದಲು ಕೋತಿಗಳಿಗೆ ಗೊತ್ತಾಗುತ್ತದೆ.

ಈಗ ಬಾಗಿಲುಗಳ ಸಂಗತಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಗಣಿತದ ಮೇಷ್ಟ್ರಿಗೆ ಇದು ಇಷ್ಟದ ಜಾಗ.

ಗೈಡುಗಳು ಗಡಗಡ ಒಪ್ಪಿಸುವ ಒಂದು ಲೆಕ್ಕ ಇದೆ: 19 ಹೆಬ್ಬಾಗಿಲು, 38 ದಿಡ್ಡಿ (ಸಣ್ಣ) ಬಾಗಿಲು, 35 ಕಳ್ಳಗಂಡಿ (ಗುಟ್ಟಿನ ದಾರಿ), 2000 ಬತೇರಿ (ಕಾವಲು ಬುರುಜು). ಎಣಿಸುತ್ತಾ ಹೋದರೆ ಕೋಟೆ ನೋಡಲಾಗುವುದಿಲ್ಲ. ಸಂಖ್ಯೆ ಬಿಡಿ, ಬಾಗಿಲುಗಳನ್ನು ಇಟ್ಟ ರೀತಿ ನೋಡಿ. ಮೊದಲ ಬಾಗಿಲು ದಾಟಿದ ಕೂಡಲೇ ಎದುರಿಗೆ ಗೋಡೆ. ಪಕ್ಕಕ್ಕೆ ತಿರುಗಬೇಕು. ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ಗೋಡೆ, ಮತ್ತೆ ತಿರುವು. ಬಾಗಿಲಿನಿಂದ ಬಾಗಿಲಿಗೆ ನೇರ ದಾರಿ ಎಲ್ಲೂ ಇಲ್ಲ. ಯಾಕೆ? ಆನೆ. ಬಾಗಿಲು ಮುರಿಯುವ ಆನೆ ದೂರದಿಂದ ಓಡಿ ಬಂದು ಗುದ್ದಬೇಕು. ಓಡಲು ಜಾಗವೇ ಇಲ್ಲದಿದ್ದರೆ ಆನೆ ಬರೀ ದೊಡ್ಡ ಮೈಯ ಪ್ರಾಣಿ. ಅದರ ಜೊತೆಗೆ ತಿರುವಿನಲ್ಲಿ ಸಿಕ್ಕಿಕೊಂಡ ದಂಡಿನ ತಲೆಯ ಮೇಲೆ ಮೂರು ಕಡೆಯಿಂದಲೂ ಗೋಡೆ, ಗೋಡೆಯ ಮೇಲೆ ಕಾವಲಿನವರು, ಅವರ ಕೈಯಲ್ಲಿ ಏನು ಬೇಕಾದರೂ ಇರಬಹುದು. ನೀವು ಆ ತಿರುವಿನಲ್ಲಿ ನಿಂತು ಒಮ್ಮೆ ಮೇಲೆ ನೋಡಿ. ಬೆನ್ನು ಚುಳ್ ಅನ್ನುತ್ತದೆ.

ಬಾಗಿಲುವಾಡದ ಎರಡೂ ಬದಿಯ ಕಲ್ಲಿನಲ್ಲಿ ಚೌಕದ ತೂತುಗಳಿವೆ. ಮರದ ಅಗುಳಿ ಕೂರುತ್ತಿದ್ದ ಜಾಗ. ಅಂಥ ತೂತೊಳಗೆ ಕೈ ಹಾಕಿ ನೋಡಿ, ಮೊಣಕೈವರೆಗೆ ಹೋದರೆ ಅಗುಳಿಯ ಗಾತ್ರ ಲೆಕ್ಕ ಹಾಕಬಹುದು. ಹಾಕುವ ಮುಂಚೆ ಚೇಳಿದೆಯೇ ನೋಡಿಕೊಳ್ಳಿ. ತಮಾಷೆಗೆ ಹೇಳಿದ್ದಲ್ಲ.

ಗೋಡೆಯ ಕಲ್ಲುಗಳನ್ನು ನೋಡಿ. ಕೆಳಗೆ ಆನೆಗಾತ್ರದ ದಿಮ್ಮಿಗಳು, ಗಾರೆ ಇಲ್ಲದೆ ಒಂದರ ಮೇಲೊಂದು ಕೂತಿವೆ. ಎಲ್ಲವೂ ಒಂದೇ ಅಳತೆಯಲ್ಲ. ಒಂದು ಕಲ್ಲಿನ ಮೂಲೆ ಉಬ್ಬಿದ್ದರೆ ಪಕ್ಕದ ಕಲ್ಲಿಗೆ ಅಷ್ಟೇ ತಗ್ಗು ಕಡಿದು ಕೂರಿಸಿದ್ದಾರೆ. ಮನೆ ಕಟ್ಟಿಸುವಾಗ ಟೈಲ್ಸ್ ಹಾಕುವವನ ಜೊತೆ ಜಗಳ ಆಡಿದವರಿಗೆ ಈ ಕೆಲಸದ ಬೆಲೆ ಗೊತ್ತು. ಕೆಲವು ಬಂಡೆಗಳ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ, ಹಲ್ಲಿನ ಗುರುತಿನ ಹಾಗೆ. ಅದು ಬೆಣೆ ಹೊಡೆದ ಸಾಲು. ಬಂಡೆಯ ಎಳೆ ನೋಡಿ ಗುಳಿ ತೋಡಿ, ಬೆಣೆ ಹೊಡೆದು ಸೀಳಿದ್ದು. ಕೆಲವು ಕಡೆ ಗುಳಿ ತೋಡಿದ್ದಾರೆ, ಸೀಳಿಲ್ಲ. ಕೆಲಸ ಅಲ್ಲಿಗೇ ನಿಂತಿದೆ. ಆ ದಿನ ಏನಾಯಿತೋ, ಊಟಕ್ಕೆ ಹೋದವರು ಬರಲಿಲ್ಲವೋ.

ಬಂಡೆಯ ವಯಸ್ಸನ್ನೂ ಹೇಳಿಬಿಡುತ್ತೇನೆ. ಚಿತ್ರದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಅದರ ಮುಂದೆ ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಅನ್ನಿಸಿಕೊಂಡಿದ್ದ ಈ ದುರ್ಗ, ವಿಜಯನಗರದ ಕಾಲದ ತಿಮ್ಮಣ್ಣ ನಾಯಕ, ಬಿಚ್ಚುಗತ್ತಿ ಭರಮಣ್ಣ ನಾಯಕ, 1779ರಲ್ಲಿ ಕೋಟೆ ಕಳೆದುಕೊಂಡು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ ಕೊನೆಯ ಮದಕರಿ ನಾಯಕ, ನಾನು, ನೀವು, ಎಲ್ಲರೂ ಒಂದೇ ಬೆಳಗಿನವರು.

ಬಾಗಿಲುಗಳು ಮುಗಿಯುತ್ತಿದ್ದ ಹಾಗೆ ಒಂದು ಚೌಕದ ಗುಂಡಿಯಲ್ಲಿ ನಾಲ್ಕು ಭಾರೀ ಬೀಸುವ ಕಲ್ಲುಗಳಿವೆ. ಸಿಡಿಮದ್ದು ಅರೆಯಲು ಇಟ್ಟಿದ್ದು ಅನ್ನುತ್ತಾರೆ. ಅಲ್ಲಿಂದ ಮೇಲಕ್ಕೆ ಬಯಲು ಬಿಚ್ಚಿಕೊಳ್ಳುತ್ತದೆ. ಗುಡಿಗಳು ಒಂದರ ಹಿಂದೊಂದು. ಏಕನಾಥೇಶ್ವರಿ, ಅದರಾಚೆ ದೀಪಸ್ತಂಭ, ಉಯ್ಯಾಲೆ ಕಂಬ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ. ಒಂದೊಂದಕ್ಕೂ ನಿಂತರೆ ದಿನ ಸಾಲದು, ಹಾಗಾಗಿ ಎರಡು ಮಾತ್ರ. ಹಿಡಿಂಬೇಶ್ವರದಲ್ಲಿ ಭೀಮ ಕೊಂದ ಹಿಡಿಂಬಾಸುರನ ಹಲ್ಲು ಅಂತ ಒಂದನ್ನು ಇಟ್ಟಿದ್ದಾರೆ. ಆನೆಯ ಮೂಳೆಯ ಹಾಗೆ ಕಾಣುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ನಾನು ಮೂರು ದಿನ ಹಲ್ಲುಜ್ಜಲು ಹೆದರಿದ್ದೆ. ಸಂಪಿಗೆ ಸಿದ್ದೇಶ್ವರನ ಮುಂದೆ ನಾಯಕರಿಗೆ ಪಟ್ಟ ಕಟ್ಟುತ್ತಿದ್ದರು. ಮೇಲೆ ಬಂಡೆ, ಕೆಳಗೆ ಸಂಪಿಗೆ ಮರ, ನಡುವೆ ತಂಪು ಗಾಳಿ. ರಾಜನಾಗದಿದ್ದರೂ ಅಲ್ಲಿ ಅರ್ಧ ಗಂಟೆ ಕೂರಬಹುದು.

ನನ್ನ ಕಥೆ ಅಲ್ಲಿಯೇ ನಡೆದದ್ದು.

ಆರೇಳು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು. ಬೆಂಗಳೂರಿನಿಂದ ನನ್ನ ಭಾವಮೈದುನ ಬಂದಿದ್ದ. ಬೆಳಿಗ್ಗೆ ಕಾಫಿ ಕುಡಿಯುವಾಗಲೇ ವಾಚು ನೋಡುವ ಜಾತಿ. "ಭಾವ, ಎರಡು ಗಂಟೇಲಿ ಮುಗಿಸಿಬಿಡೋಣ, ಸಂಜೆಯೊಳಗೆ ಹಂಪಿ ಸೇರಬೇಕು" ಅಂದ. ಸರಿ, ಅವನ ವೇಗಕ್ಕೇ ಹತ್ತಿದೆವು. ಸಿದ್ದೇಶ್ವರನ ಗುಡಿ ಹತ್ತಿರ ಬರುವಾಗ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಮೋಡ ಬಂತು. ಹಿಂಗಾರಿನ ಮಳೆ ಗೊತ್ತಲ್ಲ, ಹೇಳಿ ಕಳಿಸಿ ಬರುವುದಲ್ಲ. ದಡಬಡ ಸುರಿಯಿತು. ನಾನು ಮಂಟಪಕ್ಕೆ ಓಡಲು ಹೋಗಿ ಒದ್ದೆ ಬಂಡೆಯ ಮೇಲೆ ಜಾರಿ ಕೂತೆ. ನೆಂಟನ ಮುಂದೆ, ಊರಿನ ಕೋಟೆಯಲ್ಲಿ, ನಾನೇ ಗೈಡು. ಸೊಂಟ ಹಿಡಿದುಕೊಂಡು ಮಂಟಪ ಸೇರಿದೆ. ಮುಕ್ಕಾಲು ಗಂಟೆ ಅಲ್ಲಿಂದ ಅಲ್ಲಾಡಲು ಆಗಲಿಲ್ಲ.

ಅವನು ಮೊದಲು ಗೊಣಗಿದ. ಆಮೇಲೆ ಸುಮ್ಮನಾದ. ಆಮೇಲೆ, "ಭಾವ, ನೀರು ನೋಡಿ" ಅಂದ.

ನಲವತ್ತು ವರ್ಷ ಆ ಬೆಟ್ಟ ಹತ್ತಿದವನು ನಾನು. ಮಳೆಯಲ್ಲಿ ಒಮ್ಮೆಯೂ ಅಲ್ಲಿರಲಿಲ್ಲ. ಮಳೆ ಬಂದರೆ ಕೋಟೆಗೆ ಹೋಗಬಾರದು ಅನ್ನುವುದು ನಮ್ಮ ಮನೆಯ ಕಾನೂನು. ಅವತ್ತು ಕಂಡದ್ದು ಏನೆಂದರೆ, ಬಂಡೆಯ ಮೇಲೆ ಬಿದ್ದ ನೀರು ದಿಕ್ಕಾಪಾಲಾಗಿ ಹರಿಯುತ್ತಿರಲಿಲ್ಲ. ಇಡೀ ಬಂಡೆ ಒಂದು ದೊಡ್ಡ ತಾರಸಿಯ ಹಾಗೆ ನೀರನ್ನು ಒಂದು ಕಡೆಗೆ ತಳ್ಳುತ್ತಿತ್ತು. ಬಿಸಿಲಲ್ಲಿ ನೋಡಿದಾಗ ಸುಮ್ಮನೆ ಬಿರುಕು ಅಂದುಕೊಂಡಿದ್ದ ಗೆರೆಗಳು ಆವತ್ತು ಕಾಲುವೆಗಳಾದವು. ಕೆಂಪು ನೀರು, ನೊರೆ, ಒಣಗಿದ ಎಲೆ, ಎಲ್ಲವೂ ಒಂದೇ ದಿಕ್ಕಿಗೆ. ಮಳೆ ನಿಂತ ಮೇಲೆ ನಾವು ಹಂಪಿಯನ್ನು ಮರೆತು ಆ ನೀರಿನ ಹಿಂದೆ ಹೊರಟೆವು. ನಾನು ಸೊಂಟ ಹಿಡಿದುಕೊಂಡು, ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಚಿತ್ರದುರ್ಗದ ಮಳೆ ನಿಮಗೂ ಗೊತ್ತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ನದಿ ಇಲ್ಲ. ಬೆಟ್ಟದ ಮೇಲೆ ಸಾವಿರಾರು ಜನ, ಕುದುರೆ, ಆನೆ, ದನ. ಮುತ್ತಿಗೆ ಬಿದ್ದರೆ ತಿಂಗಳುಗಟ್ಟಲೆ ಬಾಗಿಲು ಹಾಕಿ ಕೂರಬೇಕು. ಗೋಡೆ ಎಷ್ಟು ದಪ್ಪ ಇದ್ದರೇನು, ಕುಡಿಯಲು ನೀರಿಲ್ಲದಿದ್ದರೆ ನಾಲ್ಕನೇ ದಿನ ಬಾಗಿಲು ತಾನೇ ತೆರೆಯುತ್ತದೆ. ಏಳು ಸುತ್ತಿನ ಗೋಡೆಗಿಂತ ದೊಡ್ಡ ಕೆಲಸ ಈ ನೀರಿನದು ಅಂತ ನನಗೆ ಅವತ್ತು ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಇತಿಹಾಸದವರು ನನ್ನ ಜೊತೆ ಜಗಳಕ್ಕೆ ಬರಲಿ, ಚಹಾ ಕೊಡಿಸುತ್ತೇನೆ.

ಈಗ ಇಳಿಯೋಣ.

ಮೇಲೆ ಗೋಪಾಲಸ್ವಾಮಿ ಹೊಂಡ. ಬಂಡೆಗಳ ನಡುವೆ ಕೆರೆಯಷ್ಟು ಅಗಲ, ದಡದಲ್ಲಿ ಗೋಪಾಲಕೃಷ್ಣನ ಗುಡಿ. ಸುತ್ತಲ ಬಂಡೆಗಳ ನೀರು ಮೊದಲು ಇಲ್ಲಿಗೆ. ಇಲ್ಲಿ ತುಂಬಿದರೆ ಕೋಡಿ ಬಿದ್ದು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಇನ್ನೂ ಕೆಳಗೆ ಸಿಹಿನೀರು ಹೊಂಡಕ್ಕೆ. ಅಲ್ಲಿಂದ ಬೆಟ್ಟ ಬಿಟ್ಟು ಊರೊಳಗಿನ ಸಂತೆಹೊಂಡಕ್ಕೆ. ಒಂದರ ಎಂಜಲು ಇನ್ನೊಂದಕ್ಕೆ ಅಂತ ತಿಳಿಯಬೇಡಿ. ಮೇಲಿನ ಹೊಂಡದಲ್ಲಿ ಮಣ್ಣು, ಎಲೆ ತಳ ಸೇರಿ, ತಿಳಿಯಾದದ್ದು ಮಾತ್ರ ಕೋಡಿ ದಾಟುತ್ತದೆ. ಮನೆಯಲ್ಲಿ ನೀರನ್ನು ಬಿಂದಿಗೆಯಿಂದ ಬಿಂದಿಗೆಗೆ ಬಗ್ಗಿಸಿ ತಿಳಿ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಬಿಂದಿಗೆಯ ಬದಲು ಬೆಟ್ಟ.

ಅಕ್ಕ-ತಂಗಿ ಹೊಂಡಕ್ಕೆ ಒಂದು ದುಃಖದ ಕಥೆ ಇದೆ. 1779ರಲ್ಲಿ ಕೋಟೆ ಬಿದ್ದಾಗ ಮದಕರಿಯ ರಾಣಿಯರಿಬ್ಬರು ಇದಕ್ಕೆ ಹಾರಿಕೊಂಡರು ಅಂತ. ಜನ ಹೇಳುವ ಕಥೆ, ನಾನೂ ಹಾಗೇ ಹೇಳುತ್ತೇನೆ. ಕಥೆ ಕೇಳಿದ ಮೇಲೆ ಎಲ್ಲರೂ ಒಂದು ಕ್ಷಣ ನೀರನ್ನೇ ನೋಡುತ್ತಾರೆ, ಆಮೇಲೆ ಒಂದು ಕಲ್ಲು ಎಸೆಯುತ್ತಾರೆ. ಎಸೆಯಬೇಡಿ.

ದಾರಿಯಲ್ಲಿ ಟಂಕಸಾಲೆ, ಕಚೇರಿ ಅಂತ ಕರೆಯುವ ಮಣ್ಣಿನ ಗೋಡೆಗಳು ಕಾಣುತ್ತವೆ. ಕಲ್ಲಿನ ಕೋಟೆಯೊಳಗೆ ಮಣ್ಣು! ಮಾಳಿಗೆ ಹೋಗಿದೆ, ಬಾಗಿಲು ಹೋಗಿದೆ, ಗೋಡೆ ಮಾತ್ರ ನಿಂತಿದೆ. ಅಷ್ಟು ಎತ್ತರದ ಮಣ್ಣಿನ ಗೋಡೆ ಇಷ್ಟು ಮಳೆಗಾಲ ಕಂಡೂ ಕರಗಿಲ್ಲ. ಅದರ ಮೇಲೆ ಮೊಳೆಯಿಂದ ಹೆಸರು ಕೆತ್ತಿ ಬಾಣ ಬಿಟ್ಟ ಹೃದಯ ಬರೆದವರ ಪೈಕಿ ಒಂದಿಬ್ಬರು ನನ್ನ ಹಳೇ ವಿದ್ಯಾರ್ಥಿಗಳು. ಕಾಗುಣಿತ ನೋಡಿ ಗುರುತು ಹಿಡಿದೆ.

ಇನ್ನು ಓಬವ್ವನ ಕಿಂಡಿ. ನೀವೆಲ್ಲ ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು. ಕಥೆ ಮಕ್ಕಳಿಗೂ ಗೊತ್ತು: ಕಹಳೆಯವನು ಮುದ್ದಹನುಮ ಊಟಕ್ಕೆ ಬಂದಿದ್ದ, ಓಬವ್ವ ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರನ ಸೈನಿಕರ ಸಪ್ಪಳ ಕೇಳಿತು, ಒನಕೆ ಹಿಡಿದು ನಿಂತಳು, ತೂರಿ ಬಂದ ತಲೆಗಳನ್ನು ಒಂದೊಂದಾಗಿ ಬಡಿದಳು. ಐವತ್ತು ವರ್ಷದ ಹಿಂದೆ ಸಿನಿಮಾದವರು ತೋರಿಸಿದ ಮೇಲಂತೂ ಇಡೀ ರಾಜ್ಯಕ್ಕೆ ಬಾಯಿಪಾಠ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿ ಮಾಡುತ್ತಿದೆ. ನಾನು ಹೇಳುವುದು ಕಥೆಯ ಒಂದು ಸಣ್ಣ ತುಂಡನ್ನು. ಅವಳು ಹೊರಗೆ ಬಂದದ್ದು ಯಾಕೆ? ಗಂಡನಿಗೆ ನೀರು ತರಲು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ. ಬಂಡೆಯ ಸಂದಿಯ ಸಣ್ಣ ಒರತೆ, ಬೇಸಿಗೆಯಲ್ಲೂ ತಂಪು. ಕಿಂಡಿಯಲ್ಲಿ ಫೋಟೊ ತೆಗೆಸಿಕೊಂಡ ನೂರು ಜನರಲ್ಲಿ ದೋಣಿಯ ಹತ್ತಿರ ಬಗ್ಗಿ ನೋಡುವವರು ನಾಲ್ಕು ಜನ ಇರಬಹುದು. ನೀರಿಗೆ ಬರದಿದ್ದರೆ ಓಬವ್ವನಿಗೆ ಸಪ್ಪಳ ಕೇಳುತ್ತಿರಲಿಲ್ಲ. ಕಿಂಡಿಯ ಮುಂದೆ ನಿಂತು ಅದರ ಅಗಲವನ್ನು ನಿಮ್ಮ ಭುಜಕ್ಕೆ ಹೋಲಿಸಿ ನೋಡಿ. ಒಬ್ಬ ಮನುಷ್ಯ ಬಗ್ಗಿ, ತೆವಳಿ, ಮೊದಲು ತಲೆಯನ್ನೇ ಒಳಗೆ ಹಾಕಬೇಕು, ಬೇರೆ ದಾರಿ ಇಲ್ಲ. ಬಾಗಿಲಿನ ತಿರುವು ಆನೆಗೆ ಮಾಡಿದ್ದನ್ನು ಈ ಕಿಂಡಿ ಮನುಷ್ಯನಿಗೆ ಮಾಡುತ್ತದೆ.

ಇಷ್ಟು ಹೊತ್ತಿಗೆ ಮಧ್ಯಾಹ್ನ ಒಂದೂವರೆ. ಬೆಟ್ಟದ ಮೇಲೆ ಊಟ ಸಿಗುವುದಿಲ್ಲ. ಸೀತಾಫಲದ ಕಾಲವಾದರೆ ಇಳಿಯುವ ದಾರಿಯಲ್ಲಿ, ಬಾಗಿಲ ಹೊರಗೆ ಅಜ್ಜಿಯರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಸುತ್ತಲ ಗುಡ್ಡದ ಹಣ್ಣು. ಚೌಕಾಸಿ ಮಾಡಬೇಡಿ. ನಾನೊಮ್ಮೆ ಮಾಡಿದ್ದಕ್ಕೆ ಒಬ್ಬಜ್ಜಿ, "ಏನಪ್ಪಾ, ಕಾರಲ್ಲಿ ಬಂದು ಐದು ರೂಪಾಯಿಗೆ ಜಗಳ ಆಡ್ತೀಯಲ್ಲ, ಈ ಬಿಸ್ಲಾಗೆ ಗುಡ್ಡ ಹತ್ತಿ ಕಿತ್ಕಂಡ್ ಬಾ ನೋಡಾನ" ಅಂದಳು. ನಾನು ನಡೆದೇ ಬಂದಿದ್ದೆ, ಆದರೂ ಬಾಯಿ ಬರಲಿಲ್ಲ.

ಊಟ ಮಾಡಿ ಒಂದು ಗಳಿಗೆ ಕೂತು ಎದ್ದರೆ ಸಂತೆಹೊಂಡ. ನೀವು ಬೆಟ್ಟದ ಮೇಲೆ ನೋಡಿದ ನೀರಿನ ಕೊನೆಯ ಮೆಟ್ಟಿಲು ಇದು. ಸುತ್ತ ಅಂಗಡಿ, ತರಕಾರಿ, ಹಾರನ್ನು. ನಡುವೆ ಕಲ್ಲಿನ ಮೆಟ್ಟಿಲು ಇಳಿದ ಅಗಲವಾದ ಹೊಂಡ. ಬೆಳಿಗ್ಗೆ ನೇರವಾಗಿ ಇಲ್ಲಿಗೆ ಬಂದಿದ್ದರೆ "ಓ, ಒಂದು ಹೊಂಡ" ಅಂತ ಮುಂದೆ ಹೋಗುತ್ತಿದ್ದಿರಿ. ಮೇಲಿಂದ ಇಳಿದು ಬಂದವರಿಗೆ ಹಾಗೆ ಹೋಗಲು ಕಾಲು ಬರುವುದಿಲ್ಲ. ನನ್ನ ಭಾವಮೈದುನ ಅವತ್ತು ಇಲ್ಲಿ ನಿಂತು ಬೆಟ್ಟದ ಕಡೆ ಬೆರಳು ತೋರಿಸಿ, "ಅಲ್ಲಿಂದ ಇಲ್ಲಿಗೆ?" ಅಂದ. ಅಲ್ಲಿಂದ ಇಲ್ಲಿಗೆ ಅಂದೆ. ವಾಚು ನೋಡಿದ, ಸಂಜೆ ನಾಲ್ಕು. ಹಂಪಿ ಇನ್ನೂ ಅಲ್ಲೇ ಇದೆ, ಅವನು ಮುಂದಿನ ವರ್ಷ ಹೋದ.

ವಸ್ತುಸಂಗ್ರಹಾಲಯ ನೋಡುವವರು ಈಗ ನೋಡಬಹುದು. ಕಾಲಲ್ಲಿ ಇನ್ನೂ ಕಸುವಿದ್ದವರು ಚಂದ್ರವಳ್ಳಿಗೆ ನಡೆಯಿರಿ. ಬೆಟ್ಟದ ಬೆನ್ನಿನ ಕಡೆ, ಮೂರು ಕಿಲೋಮೀಟರ್ ಹತ್ತಿರ. ಕೋಟೆ ಹತ್ತಿದ ಆಯಾಸಕ್ಕೆ ಇದು ದೂರ ಅನ್ನಿಸುತ್ತದೆ, ಆದರೆ ದಾರಿ ಸಮತಟ್ಟು. ಮೂರು ಕಡೆ ಗುಡ್ಡ, ನಡುವೆ ಕೆರೆ. ನಾಯಕರ ಕಾಲಕ್ಕಿಂತ ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಹೋಗಲು ಈ ಮುಕ್ಕಾಲು ಗಂಟೆಯ ನಡಿಗೆ ಸಾಕು. ಇಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಸಿದರು. ಶಾತವಾಹನರ ನಾಣ್ಯ ಸಿಕ್ಕಿತು. ರೋಮ್ ದೇಶದ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯವೂ ಸಿಕ್ಕಿತು. ಎಲ್ಲಿಯ ರೋಮ್, ಎಲ್ಲಿಯ ದುರ್ಗ. ನಮ್ಮ ಶೇಂಗಾ ವ್ಯಾಪಾರಿಗಳು ಮುಂಬೈಗೆ ಲಾರಿ ಕಳಿಸಿ ಮೀಸೆ ತಿರುವುತ್ತಾರೆ.

ಭೈರವೇಶ್ವರನ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕನ್ನಡ ನಾಡಿನ ಮೊದಲ ರಾಜವಂಶ ಕಟ್ಟಿದವನು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅವನೇ. ಸಣ್ಣ ಶಾಸನ, ಮೂರೇ ಸಾಲು. ಪಲ್ಲವರು, ಆಭೀರರು, ತ್ರೈಕೂಟಕರು ಅಂತ ತಾನು ಗೆದ್ದವರ ಪಟ್ಟಿ ಅದರಲ್ಲಿದೆ. ಆದರೆ ಬಂಡೆಗೆ ಅಕ್ಷರ ಕೊರೆಸಿದ ಮುಖ್ಯ ಕಾರಣ ಬೇರೆ. ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತ ಹೇಳುವುದಕ್ಕೆ. ಗೆದ್ದವರ ಹೆಸರುಗಳೆಲ್ಲ ಆ ಕೆರೆಯ ಮಾತಿಗೆ ಜೋಡಿಸಿದ ಬಿರುದುಗಳು. ಮೊದಲ ಸಲ ಅದರ ಅರ್ಥ ತಿಳಿದಾಗ ನಾನು ನಕ್ಕುಬಿಟ್ಟೆ. ಬೆಳಿಗ್ಗೆಯಿಂದ ನಾನು ಮೇಲಿಂದ ಹೊತ್ತುಕೊಂಡು ಬಂದ ವಾದವನ್ನು ಆತ ಬಂಡೆಯ ಮೇಲೆ ಯಾವತ್ತೋ ಬರೆಸಿಟ್ಟಿದ್ದ.

ಪಕ್ಕದಲ್ಲೇ ಅಂಕಲಿ ಮಠದ ಗುಹೆಗಳಿವೆ. ನೆಲದೊಳಗೆ ಕೋಣೆಯಿಂದ ಕೋಣೆಗೆ ಇಳಿಯುವ ಕತ್ತಲೆ. ಗೈಡು ಇಲ್ಲದೆ, ಬ್ಯಾಟರಿ ಇಲ್ಲದೆ ಇಳಿಯಬೇಡಿ. ನಾನು ಒಳಗೆ ಹೋದಾಗೆಲ್ಲ ಬೇಗ ಹೊರಗೆ ಬಂದಿದ್ದೇನೆ, ಅದರ ಬಗ್ಗೆ ಹೆಚ್ಚು ಹೇಳುವ ಯೋಗ್ಯತೆ ನನಗಿಲ್ಲ.

ಸಂಜೆ ಚಂದ್ರವಳ್ಳಿ ಕೆರೆ ಏರಿಯ ಮೇಲೆ ಕೂತರೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಕಾಣುತ್ತವೆ. ದಾವಣಗೆರೆಗೆ ರಾತ್ರಿ ತಡವಾಗುವವರೆಗೂ ಬಸ್ಸು ಇದೆ, ಗಡಿಬಿಡಿ ಬೇಡ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

(ಮುಂದಿನ ಸಾಲಿನಲ್ಲಿದ್ದ ಒಬ್ಬರು, ಇಷ್ಟೆಲ್ಲ ನಡೆಯಲು ಯಾವ ತಿಂಗಳು ಒಳ್ಳೆಯದು ಅಂತ ಕೇಳಿದರು.)

ನವೆಂಬರಿನಿಂದ ಫೆಬ್ರುವರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಸೆಪ್ಟೆಂಬರ್, ಅಕ್ಟೋಬರ್ ಅನ್ನುತ್ತೇನೆ. ಹೊಂಡ ತುಂಬಿರುತ್ತವೆ, ಕೋಡಿ ಬಿದ್ದಿರಲೂಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದ ಹೆಂಚು. ಮಳೆಗಾಲದಲ್ಲಿ ಅಡಿ ಸವೆದ ಚಪ್ಪಲಿ ಹಾಕಿಕೊಂಡು ಬರಬೇಡಿ. ಕೋಟೆಯೊಳಗೆ ತುಪ್ಪದ ಕೊಳ ಅನ್ನುವ ಬಂಡೆಗೆ ಕಾಲ್ಬೆರಳು ಊರುವಷ್ಟು ಗುಳಿಗಳೇ ಮೆಟ್ಟಿಲು, ಒದ್ದೆಯಾಗಿದ್ದಾಗ ಅದನ್ನು ಹತ್ತಲೇಬೇಡಿ. ನನ್ನ ಸೊಂಟವನ್ನು ನೆನೆಸಿಕೊಳ್ಳಿ.

(ಹಿಂದಿನ ಸಾಲಿನಿಂದ ಒಬ್ಬ ತಾಯಿ: "ಸಾರ್, ನಮ್ಮತ್ತೆಗೆ ಎಪ್ಪತ್ತೆರಡು, ಮಂಡಿನೋವು. ಕರಕೊಂಡು ಬರಬಹುದಾ?")

ಬನ್ನಿ ತಾಯಿ. ಬೆಳಿಗ್ಗೆ ರಂಗಯ್ಯನ ಬಾಗಿಲು, ಉಚ್ಚಂಗಿಯಲ್ಲಮ್ಮ, ಸಂತೆಹೊಂಡ, ಇಷ್ಟಕ್ಕೆ ಮಂಡಿ ಏನೂ ಅನ್ನುವುದಿಲ್ಲ. ಅಷ್ಟರಲ್ಲೇ ಅವರು ನೆಲದ ಮೇಲಿನ ಸುತ್ತುಗಳನ್ನು ನೋಡಿದ ಹಾಗಾಯಿತು. ಬೆಟ್ಟದಲ್ಲಿ ಬೀಸುವ ಕಲ್ಲಿನವರೆಗೆ ನಿಧಾನಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ನೆರಳಿನಲ್ಲಿ ಕೂರಿಸಿ, ಕಲ್ಲು ತೋರಿಸಿ. ರಾಗಿ ಬೀಸಿದ ಕೈಯಾದರೆ ನಿಮಗೂ ನನಗೂ ಗೊತ್ತಿಲ್ಲದ್ದನ್ನು ಅವರೇ ಹೇಳುತ್ತಾರೆ. ನಮ್ಮವ್ವನನ್ನು ಕರೆದುಕೊಂಡು ಹೋದಾಗ ಅವಳು ಆ ಕಲ್ಲಿನ ಸುತ್ತ ಒಂದು ಸಲ ಬಂದು, "ಇದನ್ನ ತಿರುಗಿಸಿದ್ದು ಎತ್ತೋ, ಆನೆಯೋ, ಇದರ ಮುಂದೆ ಹಿಟ್ಟು ಬಾಚೋಕೆ ಕೂತೋಳು ಹೆಂಗಸೇ" ಅಂದಿದ್ದಳು. ಅದು ಹಿಟ್ಟಲ್ಲವ್ವಾ, ಮದ್ದು ಅಂದೆ. "ಮದ್ದಾದ್ರೂ ಬಾಚಬೇಕಲ್ಲೋ" ಅಂದಳು.